ಇನ್‌ಚಾರ್ಜ್ ಸಿಸ್ಟರ್ ಕಾಟ ಕೊಟ್ರೆ ಕೌನ್ಸಿಲ್‌ಗೆ ದೂರು ಕೊಡಬಹುದಾ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನರ್ಸಿಂಗ್ ಕೆಲಸದಲ್ಲಿರೋರದ್ದೇ ಜಾಸ್ತಿ, ಅದರಲ್ಲೂ ಡಾಕ್ಟ್ರು, ಪೇಷಂಟ್ ಕಡೆಯವ್ರಿಂದ ಆದ ತೊಂದ್ರೆಗಿಂತ ತಮ್ಮದೇ ಸೀನಿಯರ್‌ಗಳಿಂದ ಆಗ್ತಿರೋ ಕಿರುಕುಳದ್ದೇ ಹೆಚ್ಚು. ಹಾಗಾಗಿ ಉಳಿದ ವಿಷಯ ಪಕ್ಕಕ್ಕಿಟ್ಟು ಪೂರ್ತಿ ಅಂಕಣ ಇದಕ್ಕೇ ಕೊಟ್ಟಿದ್ದೀನಿ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಒಂದು ಪ್ರೈವೇಟ್ ಆಸ್ಪತ್ರೆಯ ಐಸಿಯುನಲ್ಲಿ ಸ್ಟಾಫ್ ನರ್ಸ್. ನಮ್ಮ ಇನ್‌ಚಾರ್ಜ್ ಸಿಸ್ಟರ್ ನನ್ನೊಬ್ಬಳನ್ನೇ ಟಾರ್ಗೆಟ್ ಮಾಡ್ತಾರೆ. ಹ್ಯಾಂಡೋವರ್ ಟೈಮಲ್ಲಿ ಪೇಷಂಟ್ ಅಟೆಂಡರ್‌ಗಳ ಎದುರಿಗೇ "ನಿಂಗೆ ಯಾರೇ ಸರ್ಟಿಫಿಕೇಟ್ ಕೊಟ್ಟಿದ್ದು" ಅಂತಾರೆ, ಆಫ್ ಕೊಟ್ಟು ಹಿಂದಿನ ರಾತ್ರಿ ವಾಟ್ಸಾಪ್ ಗ್ರೂಪಲ್ಲಿ ಕ್ಯಾನ್ಸಲ್ ಮಾಡ್ತಾರೆ, ನೈಟ್ ಡ್ಯೂಟಿ ಮುಗಿದ ಮೇಲೆ ಮತ್ತೆ ನೈಟೇ. ಎಚ್ಆರ್‌ಗೆ ಹೇಳಿದ್ರೆ "ಸೀನಿಯರ್ ಅಲ್ವಾ, ಸ್ವಲ್ಪ ಹೊಂದ್ಕೊಂಡು ಹೋಗಮ್ಮ" ಅಂದ್ರು, ಮಾರನೇ ದಿನವೇ ನಂಗೊಂದು ಮೆಮೊ ಬಂತು. ಇವರ ಮೇಲೆ ನರ್ಸಿಂಗ್ ಕೌನ್ಸಿಲ್‌ಗೆ ದೂರು ಕೊಟ್ಟು ರಿಜಿಸ್ಟ್ರೇಷನ್ ಕ್ಯಾನ್ಸಲ್ ಮಾಡಿಸಬಹುದಾ?

ಉತ್ತರ: ನಿಮ್ಮ ಪತ್ರ ಓದಿ ಸಂಕಟ ಆಯ್ತು ತಾಯಿ, ಯಾಕಂದ್ರೆ ಆ "ಹೊಂದ್ಕೊಂಡು ಹೋಗಮ್ಮ" ಅನ್ನೋ ಮಾತು ನಮ್ಮ ಆಸ್ಪತ್ರೆಗಳಲ್ಲಿ ಎಷ್ಟು ಒಳ್ಳೆ ನರ್ಸ್‌ಗಳನ್ನ ಕೆಲಸ ಬಿಡಿಸಿದೆ ಅನ್ನೋದು ವಾರ್ಡಲ್ಲಿ ಇದ್ದವ್ರಿಗೆಲ್ಲಾ ಗೊತ್ತು.

ನಿಮ್ಮ ನೇರ ಪ್ರಶ್ನೆಗೆ ನೇರ ಉತ್ತರ: ದೂರು ಕೊಡಬಹುದು, ಆದ್ರೆ ಕೌನ್ಸಿಲ್ ಬಾಗಿಲು ಮೊದಲನೇದಲ್ಲ. ಕೆಲಸ ಬೇರೆ, ನರ್ಸ್ ಅಂತ ಕೌನ್ಸಿಲ್‌ನಲ್ಲಿ ಹೆಸರು ದಾಖಲಾಗಿರೋ ರಿಜಿಸ್ಟ್ರೇಷನ್ ಬೇರೆ. ಕೆಲಸದ ವಿಷಯದಲ್ಲಿ ಕ್ರಮ ತಗೊಳ್ಳೋದು ಆಸ್ಪತ್ರೆ, ಅಂದ್ರೆ ವಾರ್ನಿಂಗ್, ಇನ್‌ಚಾರ್ಜ್ ಹುದ್ದೆಯಿಂದ ಇಳಿಸೋದು, ಸಸ್ಪೆಂಡ್, ಡಿಸ್ಮಿಸ್, ಇದೆಲ್ಲಾ ಅವ್ರ ಕೈಲಿದೆ. ರಿಜಿಸ್ಟರ್‌ನಲ್ಲಿ ಹೆಸರು ಇರಬೇಕೋ ಬೇಡವೋ ಅನ್ನೋದು ರಾಜ್ಯ ಕೌನ್ಸಿಲ್‌ಗೆ ಬಿಟ್ಟಿದ್ದು. ನಮ್ಮಲ್ಲಿ 1961ರ ನರ್ಸ್‌ಗಳು, ಸೂಲಗಿತ್ತಿಯರು ಮತ್ತು ಹೆಲ್ತ್ ವಿಸಿಟರ್‌ಗಳ ಕಾಯ್ದೆ ಪ್ರಕಾರ ಬೆಂಗಳೂರಿನ ಕೌನ್ಸಿಲ್ ರಿಜಿಸ್ಟರ್ ನೋಡ್ಕೊಂಡು ಬಂದಿದೆ, ದುರ್ನಡತೆ ಸಾಬೀತಾದ್ರೆ ಹೆಸರು ತೆಗೆಯೋದೂ ಕೌನ್ಸಿಲ್‌ನ ಕೆಲಸಾನೇ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂತು, ಹಳೇ 1947ರ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಜಾಗಕ್ಕೆ. ಅದ್ರಲ್ಲಿ ರಾಜ್ಯ ಮಟ್ಟದ ಆಯೋಗ ವೃತ್ತಿ ದುರ್ನಡತೆ ದೂರುಗಳನ್ನ ವಿಚಾರಿಸಿ ಕ್ರಮ ತಗೋಬೇಕು, ಅದರ ತೀರ್ಮಾನದ ಮೇಲೆ ರಾಷ್ಟ್ರ ಮಟ್ಟದ ಎಥಿಕ್ಸ್ ಮತ್ತು ರಿಜಿಸ್ಟ್ರೇಷನ್ ಬೋರ್ಡ್‌ಗೆ ಅಪೀಲು ಹೋಗಬಹುದು ಅಂತ ಬರೆದಿದ್ದಾರೆ. ಎದುರಿನವರ ಮಾತು ಕೇಳದೆ ಯಾರ ಹೆಸರನ್ನೂ ತೆಗೆಯೋಕಾಗಲ್ಲ, ಅದು ಸರಿಯೂ ಹೌದು.

ಕಷ್ಟ ಎಲ್ಲಿದೆ ಅಂದ್ರೆ, ಕೆಲಸದ ಜಾಗದ ಕಿರುಕುಳ ಅಂತಾನೇ ಹೆಸರಿಟ್ಟ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ, ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕಡೆ ಆಂತರಿಕ ಸಮಿತಿ ಇರಲೇಬೇಕು, ಮೂರು ತಿಂಗಳೊಳಗೆ ದೂರು ಕೊಡಬೇಕು. ಪರಿಶಿಷ್ಟ ಜಾತಿ, ಪಂಗಡದವ್ರನ್ನ ಜಾತಿ ಹಿಡಿದು ನಾಲ್ಕು ಜನರೆದುರು ಬೈದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಅದಕ್ಕೆ ಎಚ್ಆರ್ ಪರ್ಮಿಷನ್ ಬೇಕಿಲ್ಲ, ನೇರ ಪೊಲೀಸ್ ಸ್ಟೇಷನ್. ಜೀವ ಬೆದರಿಕೆ ಹಾಕಿದ್ರೂ ಅಷ್ಟೇ. ಇವ್ಯಾವುದೂ ಅಲ್ಲದ, ದಿನಾ ನಡೆಯೋ ಅವಮಾನ, ರೋಸ್ಟರ್ ಕಾಟ, ಸುಳ್ಳು ಮೆಮೊ, ಇವಕ್ಕೆ ದಾರಿ ಆಸ್ಪತ್ರೆಯ ಒಳಗಿನ ಶಿಸ್ತು ನಿಯಮವೇ. ಮೊದಲು ಆಸ್ಪತ್ರೆಗೆ ಹೋಗಿ ಅಂದಿದ್ದು ಅದಕ್ಕೇ. ಕೌನ್ಸಿಲ್‌ಗೆ ಹೋಗೋದಾದ್ರೂ ಆಸ್ಪತ್ರೆ ಮಟ್ಟದ ಎನ್ಕ್ವಯರಿ ಕಾಗದ ಕೈಯಲ್ಲಿದ್ರೆ ದೂರಿಗೆ ಬಲ ಬರುತ್ತೆ.

ಈಗ ಮುಖ್ಯವಾದ ಮಾತು, ದೂರು ಬರೆಯೋ ರೀತಿ. ನಾನು ಆಸ್ಪತ್ರೆ ಎನ್ಕ್ವಯರಿಗಳಲ್ಲಿ ಮೆಂಬರ್ ಆಗಿ ಕೂತಾಗ ನೋಡಿದ್ದು, ನಿಜವಾಗ್ಲೂ ನೊಂದವ್ರ ದೂರುಗಳು ಬಿದ್ದು ಹೋಗೋದು ಸುಳ್ಳು ಅಂತಲ್ಲ, ಅದರೊಳಗೆ ಹಿಡ್ಕೊಳ್ಳೋಕೆ ಏನೂ ಇರಲ್ಲ ಅಂತ. "ಸಿಸ್ಟರ್ ತುಂಬಾ ಟಾರ್ಚರ್ ಕೊಡ್ತಾರೆ, ಮನಸ್ಸಿಗೆ ನೋವಾಗಿದೆ" ಅಂತ ಎರಡು ಪುಟ ಬರೆದ್ರೆ ಆ ಕಡೆಯವ್ರು "ನಾನು ಕೆಲಸ ಕಲಿಸ್ತಿದ್ದೆ" ಅಂತ ಒಂದೇ ಮಾತು ಹೇಳಿ ಎದ್ದು ಹೋಗ್ತಾರೆ. ಬದಲಿಗೆ ಹೀಗೆ ಬರೀರಿ: "ಇಂಥಾ ತಾರೀಕು ಬೆಳಿಗ್ಗೆ ಏಳೂವರೆ ಹ್ಯಾಂಡೋವರ್, 4ನೇ ಬೆಡ್ ಹತ್ರ, ಇಬ್ಬರು ಅಟೆಂಡರ್ ಮತ್ತೆ ಡೇ ಡ್ಯೂಟಿ ಸ್ಟಾಫ್ ಇಂಥವರು ಇದ್ರು, ಇನ್‌ಚಾರ್ಜ್ ಸಿಸ್ಟರ್ ಹೇಳಿದ ಮಾತು ಇದು, ನಾನು ಕೊಟ್ಟ ಉತ್ತರ ಇದು." ಅವರು ಬಳಸಿದ ಮಾತನ್ನೇ ಬರೀರಿ, ಕೆಟ್ಟ ಮಾತಾದ್ರೂ ಮುಚ್ಚಿಡಬೇಡಿ. ಆಮೇಲೆ ರೋಸ್ಟರ್, ಮೊದಲು ಹಾಕಿದ್ದು ಮತ್ತೆ ಬದಲಾಯಿಸಿದ್ದು ಎರಡರ ಕಾಪಿ, ಗ್ರೂಪ್ ಮೆಸೇಜಿನ ಸ್ಕ್ರೀನ್‌ಶಾಟ್ ಟೈಮ್ ಕಾಣೋ ಹಾಗೆ. ಅದೇ ವಾರ್ಡಲ್ಲಿ ಉಳಿದವ್ರಿಗೆ ಎಷ್ಟು ನೈಟ್, ನಿಮಗೆಷ್ಟು, ರೋಸ್ಟರೇ ಹೇಳುತ್ತೆ.

ಇನ್ನೊಂದು, ಪೇಷಂಟ್‌ಗೆ ಏನಾಯ್ತು ಅಥವಾ ಏನಾಗಬಹುದಿತ್ತು ಅಂತ ಬರೆಯೋದನ್ನ ಮರೀಬೇಡಿ. ಐಸಿಯುನಲ್ಲಿ ಇನ್ಸುಲಿನ್, ಹೆಪಾರಿನ್ ಇಂಥಾ, ಡೋಸ್ ತಪ್ಪಿದ್ರೆ ಅಪಾಯ ಆಗೋ ಔಷಧಿಗಳನ್ನ ಕೊಡೋ ಮುಂಚೆ ಇನ್ನೊಬ್ಬ ನರ್ಸ್ ಹತ್ರ ಡಬಲ್ ಚೆಕ್ ಮಾಡಿಸ್ತೀವಿ ಅಲ್ವಾ, ಸೀನಿಯರ್ ಹತ್ರ ಕೇಳೋಕೆ ಹೋದ್ರೆ ಎಲ್ಲರೆದುರು ಮರ್ಯಾದೆ ತೆಗೀತಾರೆ ಅನ್ನೋ ಭಯ ಇದ್ದಾಗ ಜೂನಿಯರ್ ಹುಡುಗಿ ಕೇಳೋದೇ ಬಿಡ್ತಾಳೆ, ತಾನೇ ಲೆಕ್ಕ ಹಾಕಿ ಔಷಧಿ ಹರಿಸೋ ಪಂಪನ್ನ ಸೆಟ್ ಮಾಡ್ತಾಳೆ. ನರ್ಸ್ ಒಬ್ಬರು ಇನ್ನೊಬ್ಬ ನರ್ಸ್‌ಗೆ ಕೊಡೋ ಕಾಟ ಬರೀ ಇಬ್ಬರ ಜಗಳ ಅಲ್ಲ, ವೃತ್ತಿ ದುರ್ನಡತೆ ಅಂತ ನಾನು ಗಟ್ಟಿಯಾಗಿ ಹೇಳೋದು ಇದೇ ಕಾರಣಕ್ಕೆ, ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2006ರಲ್ಲಿ ತಂದ ನೀತಿಸಂಹಿತೆಯಲ್ಲೂ ಸಹೋದ್ಯೋಗಿಗಳ ಜೊತೆ ನಡ್ಕೊಳ್ಳೋ ರೀತಿ ನರ್ಸ್‌ನ ಕರ್ತವ್ಯದ ಭಾಗವೇ. "ನಾನು ಭಯಕ್ಕೆ ಆ ರಾತ್ರಿ ಡೋಸ್ ಕನ್ಫರ್ಮ್ ಮಾಡಿಸೋಕೆ ಹೋಗಲಿಲ್ಲ" ಅಂತ ನೀವು ಒಂದು ಸಾಲು ಪ್ರಾಮಾಣಿಕವಾಗಿ ಬರೆದ್ರೆ ಮೆಡಿಕಲ್ ಡೈರೆಕ್ಟರ್ ಅದನ್ನ ಓದಿ ಸುಮ್ನಿರೋಕೆ ಆಗಲ್ಲ.

ಆದ್ರೆ ಪೇಷಂಟ್ ಹೆಸರು ಹಾಕಬೇಡಿ, ಕೇಸ್ ಶೀಟ್ ಫೋಟೋ ಹೊಡೀಬೇಡಿ, ವಾರ್ಡಲ್ಲಿ ಗುಟ್ಟಾಗಿ ವಿಡಿಯೋ ಮಾಡಬೇಡಿ. ಪೇಷಂಟ್ ಗೋಪ್ಯತೆ ಮುರಿದ್ರು ಅಂತ ನಿಮ್ಮ ಮೇಲೇ ಚಾರ್ಜ್ ಹಾಕಿದ್ರೆ ಮೂಲ ದೂರು ಅಲ್ಲಿಗೇ ನಿಂತು ಹೋಗುತ್ತೆ.

ನಿಮ್ಮ ಆಸ್ಪತ್ರೆಗೆ ಎನ್ಎಬಿಎಚ್, ಅಂದ್ರೆ ಆಸ್ಪತ್ರೆಗಳ ಗುಣಮಟ್ಟ ನೋಡೋ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇದ್ರೆ ಸಿಬ್ಬಂದಿ ಕುಂದುಕೊರತೆಗೆ ಮತ್ತೆ ಶಿಸ್ತು ಕ್ರಮಕ್ಕೆ ಬರವಣಿಗೆಯಲ್ಲಿ ಪಾಲಿಸಿ ಇರಲೇಬೇಕು, ಅದರ ಮಾನದಂಡದಲ್ಲೇ ಇದೆ. ಎಚ್ಆರ್‌ಗೆ ಮೇಲ್ ಹಾಕಿ ಆ ಪಾಲಿಸಿ ಕಾಪಿ ಕೇಳಿ. ಜೊತೆಗೆ 20 ಅಥವಾ ಹೆಚ್ಚು ಕೆಲಸಗಾರರಿರೋ ಸಂಸ್ಥೆಯಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ಅದ್ರಲ್ಲಿ ಮ್ಯಾನೇಜ್‌ಮೆಂಟ್ ಕಡೆಯವ್ರು ಎಷ್ಟೋ ಕೆಲಸಗಾರರ ಕಡೆಯವ್ರೂ ಅಷ್ಟೇ ಇರಬೇಕು ಅಂತ ಕಾರ್ಮಿಕ ಕಾನೂನು ಹೇಳುತ್ತೆ. ದೂರನ್ನ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಡಿ, ಎಚ್ಆರ್‌ಗೆ ಕಾಪಿ ಕೊಡಿ, ನಿಮ್ಮ ಕಾಪಿ ಮೇಲೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ, ಸೀಲ್ ಹಾಕಲ್ಲ ಅಂದ್ರೆ ಅವತ್ತೇ ಮೇಲ್ ಮಾಡಿ. ಬಾಯಲ್ಲಿ ಹೇಳಿದ್ದು ಎಚ್ಆರ್ ಲೆಕ್ಕದಲ್ಲಿ ಹೇಳೇ ಇಲ್ಲ ಅಂತ.

ಆ ಮೆಮೊಗೆ ಗಡುವಿನೊಳಗೆ ಉತ್ತರ ಕೊಡಿ, ಸಿಟ್ಟಲ್ಲಿ ಹಾಗೇ ಬಿಡಬೇಡಿ, ಉತ್ತರ ಕೊಡದಿದ್ರೆ ಒಪ್ಕೊಂಡ್ರು ಅಂತ ಬರ್ಕೊಳ್ತಾರೆ. ಸಹಿ ಹಾಕೋವಾಗ "ಪ್ರತಿ ಪಡೆದಿದ್ದೇನೆ, ಆರೋಪ ಒಪ್ಪಿಲ್ಲ" ಅಂತ ಸೇರಿಸಿ. ಖಾಲಿ ಹಾಳೆ ಮೇಲೆ ಸಹಿ ಯಾರು ಕೇಳಿದ್ರೂ ಹಾಕಬೇಡಿ. ರಾಜೀನಾಮೆ ಕೊಟ್ಟು ಓಡಿ ಹೋಗೋಣ ಅನ್ಸಿದ್ರೆ ಅದು ನಿಮ್ಮ ಹಕ್ಕು, ಆದ್ರೆ ನೋಟಿಸ್ ಅವಧಿ ಮುಗಿಸಿ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಕೈಗೆ ತಗೊಂಡೇ ಹೊರಗೆ ಕಾಲಿಡಿ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲೆ ಶುಶ್ರೂಷಾಧಿಕಾರಿ. ಪರ್ಮನೆಂಟ್ ಆಗಿರೋ ಸೀನಿಯರ್ ಒಬ್ರು ತಮ್ಮ ಡ್ಯೂಟಿಯನ್ನೂ ನನ್ನ ಹತ್ರ ಮಾಡಿಸ್ತಾರೆ, ಕೇಳಿದ್ರೆ ರಿನ್ಯೂವಲ್ ಆಗದ ಹಾಗೆ ನೋಡ್ಕೊಳ್ತೀನಿ ಅಂತಾರೆ. ಸರ್ಕಾರಿ ನೌಕರರಿಗೆ ಇದೆಲ್ಲಾ ಏನೂ ಆಗಲ್ಲ ಅಂತಾರಲ್ಲ ನಿಜಾನಾ?

ಉತ್ತರ: ನಿಜ ಅಲ್ಲ. ಬರವಣಿಗೆ ಲೆಕ್ಕದಲ್ಲಿ ನೋಡಿದ್ರೆ ಸರ್ಕಾರಿ ನೌಕರರ ಮೇಲಿನ ಶಿಸ್ತು ಕ್ರಮವೇ ಪ್ರೈವೇಟ್‌ಗಿಂತ ಗಟ್ಟಿ. 2021ರ ನಡತೆ ನಿಯಮಗಳಿವೆ, ಶಿಕ್ಷೆ ಹೇಗೆ ಕೊಡಬೇಕು ಅನ್ನೋದಕ್ಕೆ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಿವೆ. ವಾಗ್ದಂಡನೆ, ಇನ್‌ಕ್ರಿಮೆಂಟ್ ತಡೆಯೋದು ಇವು ಸಣ್ಣ ದಂಡನೆ, ಹಿಂಬಡ್ತಿ, ಕಡ್ಡಾಯ ನಿವೃತ್ತಿ, ವಜಾ ಇವು ದೊಡ್ಡವು, ದೊಡ್ಡ ದಂಡನೆಗೆ ದೋಷಾರೋಪಣೆ ಪಟ್ಟಿ ಕೊಟ್ಟು ಇಲಾಖಾ ವಿಚಾರಣೆ ಮಾಡಲೇಬೇಕು. ನಿಮ್ಮ ದೂರು ಆಡಳಿತ ವೈದ್ಯಾಧಿಕಾರಿಗೆ, ಅಲ್ಲಿ ಒಂದು ತಿಂಗಳಾದ್ರೂ ಅಲುಗಾಡದಿದ್ರೆ ಜಿಲ್ಲಾ ಆರೋಗ್ಯಾಧಿಕಾರಿಗೆ, ಇನ್‌ವರ್ಡ್ ನಂಬರ್ ಹಾಕಿಸ್ಕೊಂಡು.

ಆ ನಂಬರ್ ಇದ್ರೆ ಮಾಹಿತಿ ಹಕ್ಕಿನಲ್ಲಿ "ನನ್ನ ದೂರಿನ ಮೇಲೆ ಏನು ಕ್ರಮ ಆಗಿದೆ, ಟಿಪ್ಪಣಿ ಹಾಳೆ ಕಾಪಿ ಕೊಡಿ" ಅಂತ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಅವರ ಸರ್ವಿಸ್ ರಿಜಿಸ್ಟರ್, ಹಳೇ ಶಿಕ್ಷೆಗಳ ವಿವರ ಅಂತೆಲ್ಲಾ ಕೇಳೋಕೆ ಹೋಗಬೇಡಿ, ಅದು ವೈಯಕ್ತಿಕ ಮಾಹಿತಿ ಅಂತ ತಿರಸ್ಕಾರ ಆಗುತ್ತೆ, ಟೈಮ್ ವೇಸ್ಟು. ಇನ್ನೊಂದು ಎಚ್ಚರ, ಇಂಥಾ ಕೇಸಲ್ಲಿ ಗಲಾಟೆ ಬೇಡ ಅಂತ ದೂರು ಕೊಟ್ಟವರನ್ನೇ ಬೇರೆ ಕಡೆ ನಿಯೋಜನೆ ಹಾಕೋದು ಬಹಳ ಆಗುತ್ತೆ. ಹಾಗೇನಾದ್ರೂ ಆರ್ಡರ್ ಬಂದ್ರೆ ಹೋಗಿ ಡ್ಯೂಟಿಗೆ ರಿಪೋರ್ಟ್ ಆಗಿ, ಆದ್ರೆ ಅದೇ ದಿನ "ನನ್ನ ದೂರು ಬಾಕಿ ಇರುವಾಗ ಈ ಆದೇಶ ಬಂದಿದೆ" ಅಂತ ಬರೆದು ಕೊಡಿ. ಆ ಸೀನಿಯರ್‌ನೇ ವರ್ಗ ಮಾಡಿದ್ರೂ ಅದು ದಂಡನೆ ಪಟ್ಟಿಯಲ್ಲಿ ಇಲ್ಲ, ವಿಚಾರಣೆ ಬೇರೆಯಾಗಿ ನಡೀಲೇಬೇಕು ಅಂತ ಒತ್ತಾಯ ಮಾಡಿ.

ಪ್ರಶ್ನೆ: ತುಮಕೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಸ್ಟೂಡೆಂಟ್. ಹಾಸ್ಟೆಲ್ ಸೀನಿಯರ್ಸ್ ಕಾಟ ಒಂದು ಕಡೆ, ಪೋಸ್ಟಿಂಗ್‌ನಲ್ಲಿ ವಾರ್ಡ್ ಸ್ಟಾಫ್ ಕಾಟ ಇನ್ನೊಂದು ಕಡೆ. ಎರಡಕ್ಕೂ ಆ್ಯಂಟಿ ರ‍್ಯಾಗಿಂಗ್ ಕಮಿಟಿನಾ?

ಉತ್ತರ: ಹಾಸ್ಟೆಲ್ಲಿನದ್ದಕ್ಕೆ ಹೌದು, ಕಾಲೇಜಿನ ಕಮಿಟಿ, ಇಲ್ಲಾಂದ್ರೆ ರಾಷ್ಟ್ರೀಯ ಸಹಾಯವಾಣಿ 1800-180-5522, ಹೆಸರು ಹೇಳದೆಯೂ ದೂರು ಕೊಡಬಹುದು. ವಾರ್ಡ್ ಸ್ಟಾಫ್ ಸ್ಟೂಡೆಂಟ್ ಅಲ್ಲ, ಹಾಗಾಗಿ ಅದು ರ‍್ಯಾಗಿಂಗ್ ಲೆಕ್ಕಕ್ಕೆ ಬರೋದು ಕಷ್ಟ, ಅದನ್ನ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಮತ್ತೆ ಪ್ರಿನ್ಸಿಪಾಲ್ ಮೂಲಕ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಮುಟ್ಟಿಸಬೇಕು. ಒಬ್ಬಳೇ ಹೋಗಬೇಡಮ್ಮ, ಬ್ಯಾಚಿನವರೆಲ್ಲಾ ಸೇರಿ ಸಹಿ ಹಾಕಿ ಕೊಡಿ.

ಪ್ರಶ್ನೆ: ನಾನು ಉಡುಪಿ ಕಡೆಯವಳು, ಈಗ ಇಂಗ್ಲೆಂಡಿನ ಒಂದು ಎನ್ಎಚ್ಎಸ್ ಆಸ್ಪತ್ರೆಯಲ್ಲಿ ನರ್ಸ್. ಸೀನಿಯರ್ ಒಬ್ಳು ನಾನು ಮಾತಾಡೋ ಇಂಗ್ಲಿಷನ್ನ ಎಲ್ಲರೆದುರು ಅಣಕಿಸ್ತಾಳೆ, ಬ್ರೇಕ್ ಕೊಡಲ್ಲ, ಏನಾದ್ರೂ ಹೇಳಿದ್ರೆ "ಎನ್ಎಂಸಿಗೆ ಹಾಕ್ತೇನೆ, ಪಿನ್ನೂ ಹೋಗ್ತದೆ ವೀಸಾನೂ ಹೋಗ್ತದೆ" ಅಂತ ಹೆದರಿಸ್ತಾಳೆ. ಊರಲ್ಲಿ ಸಾಲ ಉಂಟು, ರಾತ್ರಿ ನಿದ್ದೆ ಬರ್ತಾ ಇಲ್ಲ.

ಉತ್ತರ: ಮೊದಲು ಆ ಬೆದರಿಕೆ ವಿಷಯ ಮುಗಿಸೋಣ. ಎನ್ಎಂಸಿ ಅಂದ್ರೆ ಅಲ್ಲಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್‌ಗೆ ಯಾರು ಯಾರ ಮೇಲೆ ಬೇಕಾದ್ರೂ ದೂರು ಹಾಕಬಹುದು, ಆದ್ರೆ ಹಾಕಿದ ಮಾತ್ರಕ್ಕೆ ಪಿನ್, ಅಂದ್ರೆ ನಿಮ್ಮ ರಿಜಿಸ್ಟ್ರೇಷನ್ ನಂಬರ್ ಹೋಗಲ್ಲ. ಮೊದಲು ಸ್ಕ್ರೀನಿಂಗ್ ಆಗುತ್ತೆ, ಅಲ್ಲಿ ಗಂಭೀರವಾದ್ದು ಏನೂ ಇಲ್ಲ ಅಂದ್ರೆ ಫೈಲ್ ಮುಚ್ತಾರೆ. ದಾಟಿದ್ರೆ ತನಿಖೆ, ಆಮೇಲೆ ಇಬ್ಬರು ಕೇಸ್ ಎಕ್ಸಾಮಿನರ್‌ಗಳು ನೋಡ್ತಾರೆ, ಒಬ್ಬರು ನರ್ಸಿಂಗ್ ಕಡೆಯವರು ಒಬ್ಬರು ಹೊರಗಿನವರು, ಅದೂ ದಾಟಿದ್ರೆ ಮಾತ್ರ ಪ್ಯಾನೆಲ್ ಮುಂದೆ. ಮಾತಾಡೋ ಧಾಟಿ ದುರ್ನಡತೆ ಅಲ್ಲ. ವೀಸಾ ರದ್ದು ಮಾಡೋ ಅಧಿಕಾರ ಎನ್ಎಂಸಿಗಿಲ್ಲ, ನಿಮ್ಮ ವೀಸಾಗೆ ಸ್ಪಾನ್ಸರ್ ಆಗಿರೋದು ಆಸ್ಪತ್ರೆ, ಆ ಸೀನಿಯರ್ ಅಲ್ಲ.

ಹಾಗೆ ನೋಡಿದ್ರೆ ಇಲ್ಲಿ ಕೋಡ್, ಅಂದ್ರೆ ಅಲ್ಲಿನ ನರ್ಸ್‌ಗಳ ನೀತಿಸಂಹಿತೆ ಮುರೀತಿರೋದು ಆಕೆಯೇ. ಎನ್ಎಂಸಿ ಕೋಡ್‌ನ 20.2ರಲ್ಲಿ ತಾರತಮ್ಯ, ಬುಲ್ಲಿಯಿಂಗ್, ಕಿರುಕುಳ ಇಲ್ಲದೆ ಎಲ್ಲರ ಜೊತೆ ನ್ಯಾಯವಾಗಿ ನಡ್ಕೋಬೇಕು ಅಂತ ನೇರವಾಗೇ ಬರೆದಿದೆ, ನಮ್ಮಲ್ಲಿ ಇಲ್ಲದ ಸ್ಪಷ್ಟತೆ ಅಲ್ಲಿದೆ. ಸಾಬೀತಾದ್ರೆ ಪ್ಯಾನೆಲ್ ಕೊಡಬಹುದಾದ ಶಿಕ್ಷೆ ಒಂದೊಂದೇ ಮೆಟ್ಟಿಲು: 1ರಿಂದ 5 ವರ್ಷದ ಎಚ್ಚರಿಕೆ, 3 ವರ್ಷದವರೆಗೆ ಷರತ್ತಿನ ಮೇಲೆ ಕೆಲಸ, 12 ತಿಂಗಳವರೆಗೆ ಸಸ್ಪೆನ್ಷನ್, ಕೊನೆಗೆ ರಿಜಿಸ್ಟರಿನಿಂದಲೇ ಹೆಸರು ತೆಗೆಯೋದು, ಹಾಗೆ ತೆಗೆದ್ರೆ 5 ವರ್ಷ ಮರಳಿ ಅರ್ಜಿ ಹಾಕೋಕೂ ಆಗಲ್ಲ. ಡ್ರಗ್ ಲೆಕ್ಕ ತಪ್ಪಿದವ್ರಿಗೆ ಟ್ರೈನಿಂಗ್ ಕೊಟ್ಟು ಸರಿ ಮಾಡಬಹುದು, ಆದ್ರೆ ಇನ್ನೊಬ್ಬರನ್ನ ಹೀಗೆ ಹಿಂಸೆ ಮಾಡೋ ಸ್ವಭಾವವನ್ನ ಕೋರ್ಸ್ ಮಾಡಿಸಿ ಸರಿ ಮಾಡೋದು ಕಷ್ಟ, ಪ್ಯಾನೆಲ್‌ಗಳೂ ಅದನ್ನ ಹಾಗೇ ನೋಡ್ತಾರೆ, ತಪ್ಪು ಅರ್ಥ ಆಗಿದೆಯಾ, ನಿಜವಾಗ್ಲೂ ಬದಲಾಗಿದ್ದಾರಾ ಅಂತ ಕೇಳ್ತಾರೆ.

ಆದ್ರೂ ನೀವು ಮೊದಲು ಹೋಗಬೇಕಾದ್ದು ಎನ್ಎಂಸಿಗಲ್ಲ. ಅಲ್ಲೂ ಆಸ್ಪತ್ರೆ ಮಟ್ಟದ ತನಿಖೆ ಮೊದಲು ಆಗಲಿ ಅಂತಾನೇ ಬಯಸ್ತಾರೆ, ಎನ್ಎಂಸಿ ಕೇಸ್‌ಗಳು ವರ್ಷಗಟ್ಟಲೆ ಎಳೆಯೋದೂ ಉಂಟು. 2024ರ ಜುಲೈನಲ್ಲಿ ನಜೀರ್ ಅಫ್ಜಲ್ ಅವರು ಮಾಡಿದ ಸ್ವತಂತ್ರ ಪರಿಶೀಲನೆ ವರದಿ ಬಂತು, ಎನ್ಎಂಸಿ ಕಚೇರಿಯೊಳಗೇ ಬುಲ್ಲಿಯಿಂಗ್, ಜನಾಂಗ ತಾರತಮ್ಯ ಇದೆ ಅಂತ ಅದ್ರಲ್ಲಿ ಹೇಳಿದ್ರು, ಹಾಗಾಗಿ ಅದೊಂದನ್ನೇ ನಂಬಿ ಕೂರಬೇಡಿ. ವಾರ್ಡ್ ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಕೊಡಿ, ಅವರೇ ಆಕೆ ಕಡೆ ಅಂದ್ರೆ ಅವರ ಮೇಲಿನ ಮೇಟ್ರನ್‌ಗೆ. ಇಂಗ್ಲೆಂಡಿನ ಟ್ರಸ್ಟ್‌ಗಳಲ್ಲಿ ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್ ಅಂತ ಒಬ್ಬರಿರ್ತಾರೆ, ಸಿಬ್ಬಂದಿಯ ಇಂಥಾ ಮಾತು ಕೇಳೋಕಂತಲೇ ಇರೋರು, ಅವರನ್ನ ಭೇಟಿಯಾಗಿ. ಬ್ರೇಕ್ ಇಲ್ಲದೆ ಪೇಷಂಟ್ ಕೆಲಸಕ್ಕೆ ಅಡ್ಡಿಯಾದ ದಿನ ಇನ್ಸಿಡೆಂಟ್ ರಿಪೋರ್ಟ್ ಹಾಕಿ. ಆರ್‌ಸಿಎನ್ ಅಥವಾ ಯೂನಿಸನ್ ಯೂನಿಯನ್ ಮೆಂಬರ್ ಆಗಿಲ್ಲಾಂದ್ರೆ ಇವತ್ತೇ ಆಗಿ, ಯಾಕಂದ್ರೆ ಮೆಂಬರ್ ಆಗೋ ಮುಂಚಿನ ಕೇಸ್‌ಗೆ ಅವರು ಪ್ರತಿನಿಧಿ ಕೊಡೋದು ಕಷ್ಟ. ದೇಶ, ಜನಾಂಗ ಹಿಡಿದು ಅಣಕಿಸೋದು 2010ರ ಸಮಾನತಾ ಕಾಯ್ದೆಯಲ್ಲಿ ಬರುತ್ತೆ, ಟ್ರಿಬ್ಯೂನಲ್‌ಗೆ ಹೋಗೋ ಗಡುವು ಬರೀ ತಿಂಗಳುಗಳ ಲೆಕ್ಕದ್ದು, ತಡ ಮಾಡದೆ ಯೂನಿಯನ್ ಹತ್ರ ಆ ತಾರೀಕು ಕೇಳಿ ಬರೆದಿಟ್ಕೊಳ್ಳಿ. ನಿದ್ದೆ ಬರ್ತಾ ಇಲ್ಲ ಅಂದ್ರಲ್ಲ, ನಿಮ್ಮ ಜಿಪಿ, ಅಂದ್ರೆ ಫ್ಯಾಮಿಲಿ ಡಾಕ್ಟ್ರ ಹತ್ರ ಹೋಗಿ ಹೇಳಿ, ಸಿಬ್ಬಂದಿ ಆರೋಗ್ಯ ನೋಡ್ಕೊಳ್ಳೋ ಆಕ್ಯುಪೇಷನಲ್ ಹೆಲ್ತ್ ವಿಭಾಗಕ್ಕೂ ಹೇಳಿ. ಮೊದಲು ನಿಮ್ಮ ಆರೋಗ್ಯ ನೋಡ್ಕೊಳ್ಳಿ, ಆ ದಾಖಲೆಯೂ ಮುಂದೆ ಕೆಲಸಕ್ಕೆ ಬರುತ್ತೆ.

ಪ್ರಶ್ನೆ: ಮೇಡಮ್ಮಾರ, ನಾನು ಹುಬ್ಬಳ್ಳ್ಯಾಗ ಒಂದು ಖಾಸಗಿ ಆಸ್ಪತ್ರಿಯೊಳಗ ಇನ್‌ಚಾರ್ಜ್ ಸಿಸ್ಟರ್ ಇದ್ದೇನ್ರಿ. ಹೊಸಾ ಹುಡುಗಿ ಒಬ್ಬಾಕಿ ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ಒಡದು ಸಿರಿಂಜಿಗೆ ಎಳ್ಕೊಂಡು ಡೈಲ್ಯೂಟ್ ಮಾಡದ ನೇರ ಐವಿ ಕೊಡಾಕ ಹೊಂಟಿದ್ಳು, ನಾ ಕೈ ಹಿಡದು ನಿಲ್ಲಿಸಿ ಎಲ್ಲಾರ ಮುಂದ ಜೋರಾಗಿ ಬೈದೆ. ಈಗ ಆಕಿ ನನ್ನ ಮ್ಯಾಲೆ ಹರಾಸ್‌ಮೆಂಟ್ ಕಂಪ್ಲೇಂಟ್ ಕೊಟ್ಟಾಳ. ತಪ್ಪು ಮಾಡಿದವ್ರಿಗೆ ಬೈಯೂದೂ ತಪ್ಪೇನ್ರಿ?

ಉತ್ತರ: ಸಿಸ್ಟರ್, ನೀವು ಕೈ ಹಿಡಿದು ನಿಲ್ಲಿಸಿದ್ದು ಒಂದು ಜೀವ ಉಳಿಸಿದ ಕೆಲಸ. ಪೊಟ್ಯಾಸಿಯಂ ಕ್ಲೋರೈಡ್ ಡೈಲ್ಯೂಟ್ ಮಾಡದೆ ನೇರ ಕೊಟ್ರೆ ಹೃದಯ ನಿಂತು ಹೋಗಬಹುದು. ಆ ಕ್ಷಣದಲ್ಲಿ ಕೂಗಿದ್ದನ್ನ ಯಾವ ಕಮಿಟಿಯೂ ಕಿರುಕುಳ ಅನ್ನಬಾರದು, ಅಂದ್ರೆ ನಾನು ಒಪ್ಪಲ್ಲ.

ಆದ್ರೆ ಕಮಿಟಿ ನಿಮ್ಮನ್ನ ಆ ಒಂದು ನಿಮಿಷದ ಬಗ್ಗೆ ಕೇಳಲ್ಲ, ಆಮೇಲಿನ ದಿನಗಳ ಬಗ್ಗೆ ಕೇಳುತ್ತೆ. ಮಾರನೇ ದಿನವೂ ಅದನ್ನೇ ಎತ್ತಿ ಆಡಿದ್ರಾ? ಬೇರೆ ವಾರ್ಡಿನವ್ರಿಗೆ ಹೇಳಿ ನಕ್ಕಿದ್ರಾ? ಆಕೆಗೆ ಬೇಕಂತಲೇ ಕಷ್ಟದ ಶಿಫ್ಟ್ ಹಾಕಿದ್ರಾ? ಬೈದಿದ್ದು ಕೆಲಸದ ತಪ್ಪಿಗಾ, ಅಥವಾ ಆಕೆ ಊರು, ಮನೆತನ, ಬಣ್ಣ, ಓದಿದ ಕಾಲೇಜು ಅಂತ ಹೋಯ್ತಾ? ತಪ್ಪಿಗೆ ಬೈಯೋದು ತಪ್ಪು ತಿದ್ದಿದ ಮೇಲೆ ನಿಲ್ಲುತ್ತೆ, ಕಿರುಕುಳ ನಿಲ್ಲಲ್ಲ, ಮನುಷ್ಯಳನ್ನೇ ಹಿಡ್ಕೊಂಡು ಮತ್ತೆ ಮತ್ತೆ ನಡೆಯುತ್ತೆ. ಇದಕ್ಕೆಲ್ಲಾ ನಿಮ್ಮ ಉತ್ತರ "ಇಲ್ಲ" ಅಂತಾದ್ರೆ ಹೆದರಬೇಡಿ, ಯಾವುದಾದ್ರೂ ಒಂದಕ್ಕೆ "ಹೌದು" ಅಂತಾದ್ರೆ ಅದನ್ನ ಮುಚ್ಚಿಡದೆ ಹೇಳಿ, ಆಕೆ ಹತ್ರ ಕ್ಷಮೆ ಕೇಳೋದ್ರಲ್ಲಿ ಸಣ್ಣತನ ಏನೂ ಇಲ್ಲ.

ಎನ್ಕ್ವಯರಿಗೆ ಮುಂಚೆ ದೂರಿನ ಕಾಪಿ ಕೇಳಿ, ಅದು ನಿಮ್ಮ ಹಕ್ಕು, ಏನು ಆರೋಪ ಅಂತ ಗೊತ್ತಿಲ್ಲದೆ ಉತ್ತರ ಕೊಡೋಕಾಗಲ್ಲ. ಸಾಕ್ಷಿಗಳನ್ನ ಹೇಳೋಕೆ ನಿಮಗೂ ಅವಕಾಶ ಇರಬೇಕು. ಅದು ಮುಗಿಯೋವರೆಗೆ ಆಕೆಯ ರೋಸ್ಟರ್ ನೀವು ಹಾಕಬೇಡಿ, ಸೂಪರಿಂಟೆಂಡೆಂಟ್ ಹಾಕಲಿ ಅಂತ ನೀವೇ ಬರೆದು ಕೊಡಿ. ಜೊತೆಯವ್ರನ್ನ ಆಕೆ ಜೊತೆ ಮಾತು ಬಿಡಿ ಅಂತ ಅಪ್ಪಿತಪ್ಪಿಯೂ ಹೇಳಬೇಡಿ.

ಇನ್ನೊಂದು ಕೇಳ್ತೀನಿ, ಅವತ್ತೇ ಇನ್ಸಿಡೆಂಟ್ ರಿಪೋರ್ಟ್ ಹಾಕಿದ್ರಾ? ಪತ್ರದಲ್ಲಿ ಅದರ ಮಾತೇ ಇಲ್ಲ. ಹಾಕಿಲ್ಲಾಂದ್ರೆ ಈಗಲೂ ಹಾಕಿ, ತಡ ಆಗಿದ್ದಕ್ಕೆ ಕಾರಣ ಬರೆದು. ಅದ್ರಲ್ಲಿ ಹುಡುಗಿ ಹೆಸರಿಗಿಂತ ಮುಖ್ಯವಾಗಿ ಬರಬೇಕಾದ್ದು, ಕಾನ್ಸಂಟ್ರೇಟೆಡ್ ಪೊಟ್ಯಾಸಿಯಂ ಆಂಪ್ಯೂಲ್ ಬೀಗ ಇಲ್ಲದೆ, ಬೇರೆ ಲೇಬಲ್ ಇಲ್ಲದೆ ಮಾಮೂಲಿ ಇಂಜೆಕ್ಷನ್ ಜೊತೆ ಟ್ರಾಲಿಯಲ್ಲಿ ಇತ್ತಾ, ಹೊಸಬಳಿಗೆ ಹೈ ರಿಸ್ಕ್ ಡ್ರಗ್ ಟ್ರೈನಿಂಗ್ ಆಗಿತ್ತಾ, ಅವತ್ತು ಆಕೆ ಜೊತೆ ಸೀನಿಯರ್ ಯಾರಿದ್ರು ಅನ್ನೋದು. ಆ ಆಂಪ್ಯೂಲ್‌ಗಳನ್ನ ಬೇರೆ ಮಾಡಿ ಬೀಗದೊಳಗೆ ಇಡಿಸೋ ಕೆಲಸ ಮಾತ್ರ ಎನ್ಕ್ವಯರಿ ಮುಗಿಯೋ ತನಕ ಕಾಯಬೇಡಿ, ನಾಳೆ ಡ್ಯೂಟಿಗೆ ಹೋದ ಕೂಡ್ಲೇ ಮಾಡಿಸಿ.